ಕಲ್ಲಿಗೊಂದು ನಂಬರು



ಈ ಪಾಠದಲ್ಲಿ ನಾವು ಒಂದು ಕೋಟೆ ನೋಡೋಣ. ಅದು ಇರೋದು ಜಪಾನ್ ದೇಶದಲ್ಲಿ. ಜಪಾನಿನ ಸುತ್ತ ಸಮುದ್ರ. ದೊಡ್ಡ ದ್ವೀಪಗಳು ನಾಲ್ಕು ಇವೆ. ಅದರಲ್ಲಿ ನೈಋತ್ಯ ಮೂಲೆಯ ದ್ವೀಪದ ಹೆಸರು ಕ್ಯೂಶು. ಕ್ಯೂಶುವಿನ ನಡುಭಾಗದಲ್ಲಿ ಕುಮಾಮೊಟೊ ಅಂತ ಒಂದು ಪಟ್ಟಣ. ಪಟ್ಟಣದ ನಡುವೆ ಒಂದು ದಿಬ್ಬ. ದಿಬ್ಬದ ಮೇಲೆ ಕೋಟೆ.

ಈ ಕೋಟೆಯನ್ನು 1601ರಲ್ಲಿ ಕಟ್ಟಲು ಶುರು ಮಾಡಿದರು. 1607ರಲ್ಲಿ ಮುಗಿಯಿತು. ಹೆಚ್ಚು ಕಡಿಮೆ ಏಳು ವರ್ಷ. 2016ರಲ್ಲಿ ಭೂಕಂಪ ಆಗಿ ಕೋಟೆ ಒಡೆಯಿತು. ಪೂರ್ತಿ ದುರಸ್ತಿ ಮುಗಿಯೋದು 2052ರ ಹೊತ್ತಿಗೆ ಅಂತ ಅಲ್ಲಿನ ನಗರಸಭೆ ಲೆಕ್ಕ ಹಾಕಿದೆ. ಅಂದರೆ 36 ವರ್ಷ!

ಯಂತ್ರ ಇಲ್ಲದ ಕಾಲದಲ್ಲಿ ಕಟ್ಟೋದಕ್ಕೆ ಏಳು ವರ್ಷ. ಕ್ರೇನು, ಕಂಪ್ಯೂಟರು ಇರುವ ಕಾಲದಲ್ಲಿ ರಿಪೇರಿಗೆ ಮೂವತ್ತಾರು ವರ್ಷ. ಇದು ಯಾಕೆ ಹೀಗೆ? ಅಲ್ಲಿನ ಕೆಲಸಗಾರರು ಸೋಮಾರಿಗಳಾ? ಅಲ್ಲ. ಕಾರಣ ಬೇರೆ ಇದೆ. ಮೊದಲಿನಿಂದ ಓದೋಣ.

ಕಟ್ಟಿಸಿದವನು ಯಾರು?

ಕೋಟೆ ಕಟ್ಟಿಸಿದವನ ಹೆಸರು ಕಾಟೊ ಕಿಯೊಮಾಸ. ಆ ಕಾಲದಲ್ಲಿ ಜಪಾನನ್ನು ಒಂದುಗೂಡಿಸಿ ಆಳಿದವನು ಟೊಯೊಟೊಮಿ ಹಿದೆಯೋಶಿ. ಕಿಯೊಮಾಸ ಅವನ ದಂಡನಾಯಕ. 1588ರಲ್ಲಿ ಈ ಸೀಮೆಯ ಅರ್ಧ ಭಾಗ ಅವನ ಕೈಗೆ ಬಂತು.

ಕೋಟೆ ಕಟ್ಟಿಸುವ ಮೊದಲು ಕಿಯೊಮಾಸ ಒಂದು ಯುದ್ಧಕ್ಕೆ ಹೋಗಿದ್ದ. 1592ರಲ್ಲಿ ಹಿದೆಯೋಶಿ ಪಕ್ಕದ ಕೊರಿಯಾ ದೇಶದ ಮೇಲೆ ದಂಡು ಕಳಿಸಿದ. ಆ ಯುದ್ಧದಲ್ಲಿ ಕೊರಿಯಾದ ಜನ ಬಹಳ ಕಷ್ಟ ಅನುಭವಿಸಿದರು. ಊರುಗಳು ಸುಟ್ಟವು. ಲೆಕ್ಕವಿಲ್ಲದಷ್ಟು ಜನ ಸತ್ತರು. ಕೋಟೆಯ ಚೆಂದ ಹೇಳುವಾಗ ಇದನ್ನು ಮರೆಮಾಡಬಾರದು.

ಆ ಯುದ್ಧದ ಕೊನೆಗೆ ಕಿಯೊಮಾಸನಿಗೂ ಕಷ್ಟ ಬಂತು. ಉಲ್ಸಾನ್ ಎಂಬಲ್ಲಿ ಅವನ ದಂಡು ಶತ್ರುಗಳ ಮುತ್ತಿಗೆಯಲ್ಲಿ ಸಿಕ್ಕಿಬಿತ್ತು. ಚಳಿಗಾಲ. ಒಳಗೆ ಅನ್ನ ಇಲ್ಲ. ಕುಡಿಯಲು ನೀರಿಲ್ಲ. ಹಸಿವು, ಬಾಯಾರಿಕೆ ಏನೆಂದು ಅಲ್ಲಿ ಅವನಿಗೆ ಗೊತ್ತಾಯಿತು.

ಊರಿಗೆ ಬಂದು ಕೋಟೆ ಕಟ್ಟಿಸುವಾಗ ಅವನಿಗೆ ಅದೇ ನೆನಪು. ಕೋಟೆ ಒಳಗೆ 120 ಬಾವಿ ತೋಡಿಸಿದ ಅಂತ ಹೇಳ್ತಾರೆ. ಅಲ್ಲಿ ಮನೆಯ ನೆಲಕ್ಕೆ ಹುಲ್ಲಿನ ದಪ್ಪ ಚಾಪೆ ಹಾಸುತ್ತಾರೆ. ಆ ಚಾಪೆಯ ಒಳಗೆ ಹುಲ್ಲಿನ ಬದಲು ಒಣಗಿಸಿದ ಕೆಸುವಿನ ದಂಟು ತುಂಬಿಸಿದನಂತೆ. ಮುತ್ತಿಗೆ ಬಿದ್ದರೆ ಚಾಪೆಯನ್ನೇ ಬಿಚ್ಚಿ ಬೇಯಿಸಿ ತಿನ್ನಬಹುದು! ಇದು ಜನರ ಬಾಯಲ್ಲಿ ಉಳಿದ ಮಾತು. ಆದರೆ ಹಸಿವು ಕಂಡವನ ಬುದ್ಧಿ ಹೀಗೇ ಓಡುತ್ತದೆ ಅಂತ ನಮಗೂ ಅನ್ನಿಸುತ್ತದೆ.

ಕೋಟೆಯ ಒಳಗೆ ಒಂದು ಗಿಂಕೊ ಮರವನ್ನೂ ನೆಡಿಸಿದ ಅಂತ ಹೇಳಿಕೆ ಇದೆ. ಅದರ ಎಲೆ ಬೀಸಣಿಗೆಯ ಹಾಗೆ ಇರುತ್ತದೆ. ಅದರ ಬೀಜ ತಿನ್ನಲು ಬರುತ್ತದೆ. ಈ ಮರದಿಂದಾಗಿ ಕೋಟೆಗೆ 'ಗಿಂಕೊ ಕೋಟೆ' ಎಂಬ ಇನ್ನೊಂದು ಹೆಸರೂ ಬಂತು.

ಕಿಯೊಮಾಸ 1611ರಲ್ಲಿ ಸತ್ತ. 1632ರಲ್ಲಿ ಅವನ ಮನೆತನದ ಕೈಯಿಂದ ಈ ಸೀಮೆ ಹೋಯಿತು. ಹೊಸೊಕಾವ ಎಂಬ ಮನೆತನ ಬಂದು ಇನ್ನೂರಕ್ಕೂ ಹೆಚ್ಚು ವರ್ಷ ಆಳಿತು. ಕಲ್ಲು ಹೊತ್ತು ಗೋಡೆ ಕಟ್ಟಿದ ಜನರ ಹೆಸರು ಮಾತ್ರ ಯಾವ ಹಲಗೆಯ ಮೇಲೂ ಇಲ್ಲ.

ಗೋಡೆಯ ಗುಟ್ಟು

ಈ ಕೋಟೆಗೆ ಹೆಸರು ಬಂದಿರೋದು ಕಲ್ಲಿನ ಗೋಡೆಯಿಂದ. ಗೋಡೆ ಅಡಿಯಲ್ಲಿ ಇಳಿಜಾರು. ನೋಡಿದರೆ ಮಕ್ಕಳೂ ಓಡಿ ಹತ್ತಬಹುದು ಅನ್ನಿಸುತ್ತದೆ. ನಾಲ್ಕು ಹೆಜ್ಜೆ ಹತ್ತಿದರೆ ಗೋಡೆ ಕಡಿದಾಗುತ್ತದೆ. ಇನ್ನೂ ಮೇಲೆ ಹೋದರೆ ನೆಟ್ಟಗೆ ನಿಲ್ಲುತ್ತದೆ. ಹತ್ತುವವನು ಅಲ್ಲಿಂದ ಜಾರಿ ಕೆಳಗೆ ಬೀಳಲೇಬೇಕು. ಇದನ್ನು ಜಪಾನಿನವರು 'ಮುಶಾಗಯೆಶಿ' ಅಂತ ಕರೀತಾರೆ. ಹಾಗಂದರೆ, ಬಂದ ಯೋಧನನ್ನು ವಾಪಸು ಕಳಿಸೋದು.

ಈ ಗೋಡೆಗೆ ಗಾರೆ ಹಾಕಿಲ್ಲ. ಕಲ್ಲಿನ ಮೇಲೆ ಕಲ್ಲು ಇಟ್ಟಿದ್ದಾರೆ, ಅಷ್ಟೆ. ಮುಂದೆ ಕಾಣುವ ದೊಡ್ಡ ಕಲ್ಲಿನ ಹಿಂದೆ ಸಣ್ಣ ಕಲ್ಲುಗಳನ್ನು ದಪ್ಪಕ್ಕೆ ತುಂಬಿದ್ದಾರೆ. ಅದರ ಹಿಂದೆ ಮಣ್ಣು. ಮಳೆ ನೀರು ಸಣ್ಣ ಕಲ್ಲುಗಳ ಸಂದಿನಲ್ಲಿ ಇಳಿದು ಹೋಗುತ್ತದೆ. ಗೋಡೆಯ ಹಿಂದೆ ನೀರು ನಿಲ್ಲೋದಿಲ್ಲ. ನೀರು ನಿಂತರೆ ಗೋಡೆ ಉಬ್ಬಿ ಬೀಳುತ್ತದೆ. ಹೊಲದ ಬದುವಿಗೆ ಕಲ್ಲು ಕಟ್ಟಿದವರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಕೋಟೆಯ ಸುತ್ತಳತೆ 5 ಕಿಲೋಮೀಟರಿಗೂ ಹೆಚ್ಚು. ಒಳಗೆ ಎರಡು ಗೋಪುರ, ಒಂದು ದೊಡ್ಡದು, ಒಂದು ಚಿಕ್ಕದು. ಕಾವಲಿನ ಬುರುಜುಗಳೇ 49 ಇದ್ದವು. ಗೋಡೆ ಕಲ್ಲಿನದು, ಅದರ ಮೇಲಿನ ಕಟ್ಟಡ ಎಲ್ಲಾ ಮರದ್ದು.

ಬೆಂಕಿ

ಮರದ ಕಟ್ಟಡಕ್ಕೆ ದೊಡ್ಡ ಶತ್ರು ಬೆಂಕಿ.

1868ರ ನಂತರ ಜಪಾನಿನಲ್ಲಿ ಹೊಸ ಸರಕಾರ ಬಂತು. ಮೊದಲು ಸಾಮುರಾಯಿ ಎಂಬ ಯೋಧರು ಮಾತ್ರ ಕತ್ತಿ ಹಿಡಿಯುತ್ತಿದ್ದರು. ಅವರಿಗೆ ಮನೆತನದ ಸಂಬಳ ಸಿಗ್ತಿತ್ತು. ಹೊಸ ಸರಕಾರ ಸಂಬಳವನ್ನೂ ನಿಲ್ಲಿಸಿತು, ಕತ್ತಿಯನ್ನೂ ಬಿಡಿಸಿತು. 1873ರಲ್ಲಿ ಹೊಸ ಕಾನೂನು ಮಾಡಿ ರೈತರ ಮಕ್ಕಳನ್ನೂ ಸೈನ್ಯಕ್ಕೆ ಸೇರಿಸಿತು. ಸಾಮುರಾಯಿಗಳಿಗೆ ಸಿಟ್ಟು ಬಂತು. 1877ರಲ್ಲಿ ಸೈಗೊ ಟಕಾಮೋರಿ ಎಂಬ ನಾಯಕನ ಹಿಂದೆ ಅವರು ದಂಗೆ ಎದ್ದರು. ಹದಿಮೂರು ಸಾವಿರದಷ್ಟು ಜನ ದಕ್ಷಿಣದಿಂದ ಕುಮಾಮೊಟೊ ಕಡೆಗೆ ನಡೆದು ಬಂದರು. ಕೋಟೆಯ ಒಳಗೆ ಸರಕಾರಿ ಸೈನ್ಯ ಇತ್ತು. ಅವರು ಮೂರೂವರೆ ಸಾವಿರದಷ್ಟು ಜನ.

ಮುತ್ತಿಗೆ ಬೀಳುವುದಕ್ಕೆ ಮೂರು ದಿನ ಮೊದಲು, ಫೆಬ್ರವರಿ 19ರಂದು, ಕೋಟೆಗೆ ಬೆಂಕಿ ಬಿತ್ತು. ದೊಡ್ಡ ಗೋಪುರ, ಚಿಕ್ಕ ಗೋಪುರ, ಅರಮನೆ ಎಲ್ಲಾ ಸುಟ್ಟು ಬೂದಿ. ಊರಿನ ಎಷ್ಟೋ ಮನೆಗಳೂ ಹೋದವು. ಬೆಂಕಿ ಹಾಕಿದ್ದು ಯಾರು? ಶತ್ರು ಕಡೆಯವರಾ, ಒಳಗಿನವರೇ ಹಾಕಿದರಾ, ಕೈತಪ್ಪಿ ಹತ್ತಿತಾ? ಇವತ್ತಿಗೂ ತೀರ್ಮಾನ ಆಗಿಲ್ಲ.

ಗೋಪುರ ಹೋಯಿತು, ಗೋಡೆ ಉಳಿಯಿತು. ಐವತ್ತಕ್ಕೂ ಹೆಚ್ಚು ದಿನ ಮುತ್ತಿಗೆ ನಡೆಯಿತು. ಯುದ್ಧವನ್ನೇ ಕಸುಬು ಮಾಡಿಕೊಂಡಿದ್ದ ಸಾಮುರಾಯಿಗಳಿಗೆ ಆ ಗೋಡೆ ಹತ್ತಲು ಆಗಲಿಲ್ಲ. ಒಳಗಿದ್ದ ಸಿಪಾಯಿಗಳಲ್ಲಿ ಎಷ್ಟೋ ಮಂದಿ ನೇಗಿಲು ಹಿಡಿದ ಮನೆಯ ಹುಡುಗರು. ಅವರು ಕೋಟೆ ಬಿಟ್ಟುಕೊಡಲಿಲ್ಲ. ಸೈಗೊ ಸೋತಿದ್ದು ಸರಕಾರಕ್ಕಲ್ಲ, 270 ವರ್ಷದ ಹಿಂದೆ ಗೋಡೆ ಕಟ್ಟಿಸಿದ ಕಿಯೊಮಾಸನಿಗೆ ಅಂತ ಆ ಊರಿನ ಕಡೆ ಮಾತಿದೆ.

ಗಿಂಕೊ ಮರವೂ ಆ ಬೆಂಕಿಯಲ್ಲಿ ಸುಟ್ಟಿತು. ಆದರೆ ಬುಡದಿಂದ ಚಿಗುರು ಒಡೆಯಿತು. ಈಗ ಅದು ಮತ್ತೆ ದೊಡ್ಡ ಮರ.

ಸಿಮೆಂಟಿನ ಗೋಪುರ

ಎಂಬತ್ತು ವರ್ಷದ ಮೇಲೆ ಕೋಟೆಗೆ ಗೋಪುರ ಇರಲಿಲ್ಲ. ಊರಿನವರು ಮತ್ತೆ ಕಟ್ಟಬೇಕು ಅಂತ ತೀರ್ಮಾನ ಮಾಡಿದರು. ಸುಡುವುದಕ್ಕೆ ಮೊದಲು ತೆಗೆದ ಹಳೆಯ ಫೋಟೋಗಳು ಉಳಿದಿದ್ದವು. ಅವನ್ನು ನೋಡಿ, ಅಳತೆ ಮಾಡಿ, 1960ರಲ್ಲಿ ಎರಡೂ ಗೋಪುರ ಕಟ್ಟಿ ಮುಗಿಸಿದರು. ಊರವರೂ ಹಣ ಕೊಟ್ಟರು. ಹೊರಗೆ ನೋಡಿದರೆ ಹಳೆಯ ಗೋಪುರವೇ. ಕಪ್ಪು ಹಲಗೆ, ಬಿಳಿ ಗೋಡೆ, ಬೂದು ಹಂಚು. ಒಳಗೆ ಮಾತ್ರ ಕಬ್ಬಿಣ, ಸಿಮೆಂಟು, ಕಾಂಕ್ರೀಟು.

ಹಾಗಾದರೆ ಇದು ನಿಜವಾದ ಕೋಟೆಯಾ, ಸುಳ್ಳು ಕೋಟೆಯಾ? ಜಪಾನಿನಲ್ಲೂ ಈ ಚರ್ಚೆ ಇದೆ. ಅಲ್ಲಿ ಇಂಥ ಕಾಂಕ್ರೀಟು ಗೋಪುರ ಬೇಕಾದಷ್ಟು ಇವೆ. ನಮಗೆ ತೋಚುವುದು ಇಷ್ಟು. ಗೋಪುರ ಹೊಸದು, 1960ರದು. ಅದನ್ನು ಹೊತ್ತು ನಿಂತ ಗೋಡೆ ಹಳೆಯದು, 400 ವರ್ಷದ್ದು. ನೋಡಲು ಹೋದವರೆಲ್ಲ ತಲೆ ಎತ್ತಿ ಗೋಪುರ ನೋಡ್ತಾರೆ. ನಾವಾದರೆ ಮೊದಲು ಗೋಡೆ ನೋಡಿ ಅಂತೀವಿ.

ಹಳೆಯ ಮರದ ಕಟ್ಟಡದಲ್ಲೂ ಒಂದಷ್ಟು ಉಳಿದಿದ್ದವು. ಅದರಲ್ಲಿ ಮುಖ್ಯವಾದದ್ದು ಉಟೊ ಬುರುಜು. 1877ರ ಬೆಂಕಿ ಅದರ ಹತ್ತಿರ ಬರಲಿಲ್ಲ.

ಎರಡು ರಾತ್ರಿ

2016ರ ಏಪ್ರಿಲ್ 14. ರಾತ್ರಿ 9 ಗಂಟೆ 26 ನಿಮಿಷ. ಕುಮಾಮೊಟೊದಲ್ಲಿ ಭೂಮಿ ನಡುಗಿತು. ಪ್ರಮಾಣ 6.5. ಮನೆಗಳು ಬಿದ್ದವು. ಕೋಟೆಯ ಕಲ್ಲು ಉರುಳಿದವು. ದೊಡ್ಡ ಕಂಪನ ಮುಗಿಯಿತು, ಇನ್ನು ಚಿಕ್ಕವು ಬರಬಹುದು ಅಂತ ಜನ ತಿಳಿದರು. ಕೆಲವರು ಮನೆಗೆ ವಾಪಸು ಹೋದರು.

ಏಪ್ರಿಲ್ 16. ನಡುರಾತ್ರಿ ಕಳೆದು 1 ಗಂಟೆ 25 ನಿಮಿಷ. ಮತ್ತೆ ನಡುಗಿತು. ಈ ಸಲ ಪ್ರಮಾಣ 7.3. ನಿಜವಾದ ದೊಡ್ಡ ಭೂಕಂಪ ಇದು. ಮೊದಲನೆಯದು ಅದರ ಮುನ್ಸೂಚನೆ ಆಗಿತ್ತು.

ಈ ಎರಡು ಭೂಕಂಪದಲ್ಲಿ ಮನೆ, ಮಣ್ಣು ಮೈಮೇಲೆ ಬಿದ್ದು 50 ಜನ ಸತ್ತರು. ಆಮೇಲೆ ಕಾಯಿಲೆ, ಆಯಾಸದಿಂದ ಸತ್ತವರು ಅದಕ್ಕಿಂತ ಎಷ್ಟೋ ಹೆಚ್ಚು. ಎಂಟು ಸಾವಿರಕ್ಕೂ ಮೀರಿ ಮನೆಗಳು ಪೂರ್ತಿ ಹಾಳಾದವು. ಒಂದು ಹೊತ್ತಿನಲ್ಲಿ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಜನ ಶಾಲೆಗಳಲ್ಲಿ, ಸಭಾಭವನಗಳಲ್ಲಿ ಮಲಗಿದ್ದರು.

ಬೆಳಗಾದಾಗ ಊರವರು ಕೋಟೆ ಕಡೆ ನೋಡಿದರು. ಗೋಪುರ ನಿಂತಿತ್ತು. ಮಾಡಿನ ಹಂಚು ಉದುರಿದ್ದವು. ಮಾಡಿನ ತುದಿಯಲ್ಲಿ ಹುಲಿಯ ತಲೆ, ಮೀನಿನ ಮೈ ಇರುವ ಒಂದು ಬೊಂಬೆ ಇಡ್ತಾರೆ. ಬೆಂಕಿ ಬೀಳದ ಹಾಗೆ ಅದು ಕಾಯುತ್ತದೆ ಅಂತ ನಂಬಿಕೆ. ಆ ಬೊಂಬೆಯೂ ಬಿದ್ದಿತ್ತು. ಗೋಡೆಗಳ ಕಲ್ಲು ಅಲ್ಲಲ್ಲಿ ರಾಶಿ ರಾಶಿ. ಸರಕಾರ ಕಾಪಾಡಬೇಕಾದ ಹಳೆಯ ಕಟ್ಟಡ ಅಂತ ಪಟ್ಟಿ ಮಾಡಿದ್ದು 13 ಇದ್ದವು. ಹದಿಮೂರಕ್ಕೂ ಪೆಟ್ಟು ಬಿತ್ತು.

ಒಂದು ಬುರುಜಿನ ಚಿತ್ರ ಆಗ ದೇಶದೇಶಗಳ ಪತ್ರಿಕೆಯಲ್ಲಿ ಬಂತು. ಅದರ ಹೆಸರು ಈದಾಮಾರು ಬುರುಜು. ಅದರ ಅಡಿಯ ಗೋಡೆ ಎರಡೂ ಪಕ್ಕದಲ್ಲಿ ಕುಸಿದಿತ್ತು. ಮೂಲೆಗಲ್ಲುಗಳ ಒಂದೇ ಒಂದು ಸಾಲು ಉಳಿದಿತ್ತು. ಆ ಒಂಟಿ ಕಂಬದಂಥ ಸಾಲಿನ ಮೇಲೆ ಇಡೀ ಬುರುಜು ನಿಂತಿತ್ತು! ಬೇಗ ಬೇಗ ಕಬ್ಬಿಣದ ಚೌಕಟ್ಟು ತಂದು ಆನಿಸಿದರು. ಆಮೇಲೆ ಮೆಲ್ಲಗೆ ಬಿಚ್ಚಿ ಇಳಿಸಿದರು.

ಮನೆ ಇಲ್ಲದವರು ಅಷ್ಟು ಜನ ಇರುವಾಗ ಕೋಟೆಗೆ ಹಣ ಹಾಕೋದು ಸರಿಯಾ? ಈ ಪ್ರಶ್ನೆ ನಿಮಗೂ ಬಂದಿರಬೇಕು. ಕೋಟೆಗೆ ಅಂತಲೇ ಹಣ ಕೊಟ್ಟ ಜನ ಬಹಳ ಇದ್ದರು. 1998ರಿಂದಲೇ ಅಲ್ಲಿ ಒಂದು ಯೋಜನೆ ಇತ್ತು. ಹತ್ತು ಸಾವಿರ ಯೆನ್ ಕೊಟ್ಟವರು 'ಕೋಟೆಯ ಒಡೆಯರು' ಅಂತ ಲೆಕ್ಕ. ಯೆನ್ ಅಂದರೆ ಜಪಾನಿನ ಹಣ. ಭೂಕಂಪದ ನಂತರ ಈ ಯೋಜನೆ ದುರಸ್ತಿಗಾಗಿ ಮತ್ತೆ ಶುರುವಾಯಿತು. ಹಿಂದೆ ಕೋಟೆಗೆ ಒಬ್ಬನೇ ಒಡೆಯ. ಈಗ ಅಂಗಡಿಯವರು, ನೌಕರರು, ಮುದುಕರು ಎಲ್ಲರೂ ಒಡೆಯರು. ನಮಗೆ ಇದು ಬಹಳ ಹಿಡಿಸಿತು.

ಕಲ್ಲಿನ ಲೆಕ್ಕ

ಈಗ 36 ವರ್ಷದ ಮಾತಿಗೆ ಬರೋಣ.

ಈ ಪಾಠ ಓದುವಾಗ ನಮ್ಮ ಕಲಿಕಾ ಕೇಂದ್ರದಲ್ಲಿ ಕಲ್ಲು ಕೆಲಸದ ಒಬ್ಬ ಅಣ್ಣ ಕೇಳಿದರು: "ಅಲ್ಲ ಮೇಷ್ಟ್ರೇ, ಬಿದ್ದ ಕಲ್ಲು ಬದಿಗೆ ಹಾಕಿ ಹೊಸ ಕಲ್ಲು ಕಡಿದು ಕಟ್ಟಿದ್ರೆ ನಾಕೈದು ವರ್ಷದಲ್ಲಿ ಮುಗೀತದಲ್ಲ?"

ಮುಗೀತದೆ. ಆದರೆ ಆಗ ಅದು ಹೊಸ ಗೋಡೆ. ಹಳೆಯ ಗೋಡೆ ಅಲ್ಲ. ಜಪಾನಿನ ಕಾನೂನು ಈ ಕೋಟೆಯನ್ನು ದೇಶದ ಆಸ್ತಿ ಅಂತ ಕಾಪಾಡುತ್ತದೆ. ಬಿದ್ದ ಕಲ್ಲು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಪಕ್ಕದ ಜಾಗಕ್ಕೂ ಅಲ್ಲ, ಅದೇ ಜಾಗಕ್ಕೆ. ಮತ್ತೆ ಕಟ್ಟಬೇಕಾದ ಕಲ್ಲು 70 ಸಾವಿರದಿಂದ 1 ಲಕ್ಷ ಅಂತ ಅಂದಾಜು. ಒಂದೊಂದು ಕಲ್ಲು ನೂರಾರು ಕಿಲೋ ತೂಕ.

ಕೆಲಸ ಹೀಗೆ ನಡೆಯುತ್ತದೆ. ರಾಶಿಯಿಂದ ಒಂದು ಕಲ್ಲು ಎತ್ತುತ್ತಾರೆ. ಅದಕ್ಕೆ ಒಂದು ನಂಬರು ಕೊಡುತ್ತಾರೆ. ಎಲ್ಲಿ ಬಿದ್ದಿತ್ತು ಅಂತ ಬರೆದುಕೊಳ್ಳುತ್ತಾರೆ. ಫೋಟೋ ತೆಗೆಯುತ್ತಾರೆ. ಬಯಲಿನಲ್ಲಿ ಸಾಲಾಗಿ ಇಡುತ್ತಾರೆ. ಆಮೇಲೆ ಭೂಕಂಪಕ್ಕೆ ಮೊದಲು ತೆಗೆದ ಗೋಡೆಯ ಫೋಟೋ ಹುಡುಕುತ್ತಾರೆ. ಈ ಕಲ್ಲಿನ ಮುಖ ಆ ಫೋಟೋದಲ್ಲಿ ಎಲ್ಲಿದೆ? ಮೂಲೆ ಮುರಿದ ಗುರುತು, ಉಳಿಯ ಗುರುತು, ಬಣ್ಣ ನೋಡಿ ಹೊಂದಿಸುತ್ತಾರೆ. ಕಣ್ಣಿನಲ್ಲೂ ನೋಡುತ್ತಾರೆ, ಕಂಪ್ಯೂಟರಿನಲ್ಲೂ ನೋಡುತ್ತಾರೆ. ಒಡೆದ ಕಲ್ಲು ಇದ್ದರೆ ಅಂಟಿಸಿ ಬಳಸಲು ಆಗುತ್ತದಾ ಅಂತ ನೋಡುತ್ತಾರೆ. ಆಗದಿದ್ದರೆ ಮಾತ್ರ ಹೊಸ ಕಲ್ಲು.

ಬೀಳದೆ ಉಬ್ಬಿಕೊಂಡ ಗೋಡೆಯೂ ಇದೆ. ಅದನ್ನು ಬಿಚ್ಚಲೇಬೇಕು, ಮತ್ತೆ ಕಟ್ಟಲೇಬೇಕು. ಬಿಚ್ಚುವ ಮೊದಲು ಒಂದೊಂದು ಕಲ್ಲಿಗೂ ನಂಬರು. ಜಾಗ ಇಕ್ಕಟ್ಟು. ಕ್ರೇನು ನಿಲ್ಲಲು ಮೊದಲು ಕಟ್ಟೆ ಕಟ್ಟಬೇಕು. ಇಂಥ ಕೆಲಸ ಬಲ್ಲ ಕಲ್ಲುಕುಟಿಗರು ಇವತ್ತು ಜಪಾನಿನಲ್ಲೂ ಕಡಿಮೆ. ಮುಂದಿನ ಭೂಕಂಪ ಬಂದರೆ ಕಲ್ಲು ಜನರ ಮೇಲೆ ಬೀಳಬಾರದು, ಆ ಯೋಚನೆಯೂ ಇದೆ. ಮೊದಲು 20 ವರ್ಷ ಸಾಕು ಅಂದುಕೊಂಡಿದ್ದರು. ಕೆಲಸಕ್ಕೆ ಇಳಿದ ಮೇಲೆ 2052 ಅಂತ ತಿದ್ದಿದರು.

ಇನ್ನೊಂದು ವಿಷಯ. 1889ರಲ್ಲೂ ಕುಮಾಮೊಟೊದಲ್ಲಿ ಭೂಕಂಪ ಆಗಿತ್ತು. ಆಗಲೂ ಕೋಟೆಯ ಗೋಡೆ ಬಿದ್ದಿತ್ತು. ಎಲ್ಲೆಲ್ಲಿ ಬಿತ್ತು ಅಂತ ಆಗಿನ ಸೈನ್ಯದವರು ಕಾಗದದಲ್ಲಿ ಬರೆದಿಟ್ಟಿದ್ದರು. 2016ರ ನಂತರ ಆ ಕಾಗದ ತೆಗೆದು ನೋಡಿದರೆ, ಆಗ ಬಿದ್ದು ರಿಪೇರಿ ಮಾಡಿದ ಜಾಗಗಳೇ ಬಹುಪಾಲು ಈಗಲೂ ಬಿದ್ದಿದ್ದವು. ಇದು ತಿಳಿದದ್ದು ಯಾರೋ ಬರೆದಿಟ್ಟಿದ್ದರಿಂದ.

ಈಗ ನೋಡಲು ಹೋದರೆ

ಎಲ್ಲಾ ಮುಗಿಯುವವರೆಗೆ ಬಾಗಿಲು ಹಾಕಿ ಕೂರಲಿಲ್ಲ. ಊರಿನ ಜನಕ್ಕೆ ಧೈರ್ಯ ಬರಲಿ ಅಂತ ಗೋಪುರದ ಕೆಲಸ ಮೊದಲು ಹಿಡಿದರು. ನದಿ ಬದಿಯಲ್ಲಿ 242 ಮೀಟರ್ ಉದ್ದದ ಗೋಡೆ ಇದೆ. ಅದರಲ್ಲಿ 80 ಮೀಟರಿನಷ್ಟು ಬಿದ್ದಿತ್ತು. ಅದು 2021ರ ಜನವರಿಯಲ್ಲಿ ಸರಿಹೋಯಿತು. ಗೋಪುರದ ಒಳಗೆ ಜನರನ್ನು ಬಿಟ್ಟದ್ದು 2021ರ ಜೂನ್ 28ರಂದು.

ಕುಮಾಮೊಟೊ ರೈಲು ನಿಲ್ದಾಣದ ಮುಂದೆ ಟ್ರಾಮು ಸಿಗುತ್ತದೆ. ಟ್ರಾಮು ಅಂದರೆ ರಸ್ತೆಯ ಮೇಲಿನ ಹಳಿಯಲ್ಲಿ ಓಡುವ ಚಿಕ್ಕ ರೈಲು. ಕಾಲು ಗಂಟೆಯಲ್ಲಿ ಕೋಟೆಯ ಹತ್ತಿರ ಇಳಿಸುತ್ತದೆ.

ಕೋಟೆಯ ಒಳಗೆ ಎಲ್ಲಾ ಕಡೆ ನೆಲದ ಮೇಲೆ ನಡೆಯುವಂತಿಲ್ಲ. ಕಲ್ಲು ಬೀಳಬಹುದು, ಕೆಲಸಕ್ಕೂ ಅಡ್ಡಿ. ಅದಕ್ಕೆ ನೆಲದಿಂದ 6 ಮೀಟರ್ ಎತ್ತರದಲ್ಲಿ ಒಂದು ಕಾಲುದಾರಿ ಮಾಡಿದ್ದಾರೆ. ಉದ್ದ 350 ಮೀಟರ್. ಇದು 2020ರಲ್ಲಿ ತೆರೆಯಿತು. ಗಾಲಿ ಕುರ್ಚಿಯವರೂ ಅದರ ಮೇಲೆ ಹೋಗಬಹುದು. ಅಲ್ಲಿಂದ ಕೆಳಗೆ ನೋಡಿದರೆ ಒಡೆದ ಗೋಡೆ ಹಾಗೇ ಕಾಣುತ್ತದೆ. ಮುಚ್ಚಿಟ್ಟಿಲ್ಲ. ದುರಸ್ತಿಯನ್ನೇ ನೋಡಲು ಜನ ಬರುತ್ತಾರೆ!

ಮುಂದೆ ಒಂದು ಕತ್ತಲೆ ದಾರಿ ಬರುತ್ತದೆ. ಅರಮನೆಯ ನೆಲದ ಕೆಳಗಿನ ದಾರಿ ಅದು. ದಾಟಿ ಹೊರಗೆ ಬಂದರೆ ಕಣ್ಣ ಮುಂದೆ ದೊಡ್ಡ ಗೋಪುರ, ಗಿಂಕೊ ಮರ. ಗೋಪುರದ ಒಳಗೆ ಆರು ಅಂತಸ್ತು. ಈಗ ಲಿಫ್ಟು ಇದೆ. ಕಿಯೊಮಾಸನ ಕಾಲದಿಂದ ಇವತ್ತಿನವರೆಗಿನ ಕಥೆಯನ್ನು ಚಿತ್ರ, ಮಾದರಿ ಇಟ್ಟು ತೋರಿಸುತ್ತಾರೆ. ಮೇಲಿನ ಅಂತಸ್ತಿನ ಕಿಟಕಿಯಿಂದ ಇಡೀ ಪಟ್ಟಣ ಕಾಣುತ್ತದೆ. ಮೋಡ ಇಲ್ಲದ ದಿನ ದೂರದಲ್ಲಿ ಆಸೊ ಎಂಬ ಜ್ವಾಲಾಮುಖಿಯ ಬೆಟ್ಟಗಳೂ ಕಾಣುತ್ತವೆ.

ಉಟೊ ಬುರುಜಿನ ಒಳಗೆ ಮಾತ್ರ ಸದ್ಯ ಹೋಗಲಾಗದು. ಬೆಂಕಿಯಿಂದ ಉಳಿದ ಆ ಕಟ್ಟಡಕ್ಕೂ ಭೂಕಂಪದಲ್ಲಿ ಪೆಟ್ಟಾಗಿತ್ತು. ಅದರ ಮರಗಳನ್ನು ಒಂದೊಂದಾಗಿ ಬಿಚ್ಚಿ ದುರಸ್ತಿ ಮಾಡುವ ಕೆಲಸ ಹಿಡಿದಿದ್ದಾರೆ. ಅಲ್ಲೂ ಮರಕ್ಕೊಂದು ಗುರುತು.

ಕಾಸು ಕೊಡದೆಯೂ ಗೋಪುರ ನೋಡಬಹುದು. ಕೋಟೆಯ ಆವರಣದಲ್ಲೇ ಕಿಯೊಮಾಸನ ಹೆಸರಿನ ಒಂದು ಗುಡಿ ಇದೆ. ಅದರ ಅಂಗಳದಲ್ಲಿ ನಿಂತರೆ ಗೋಪುರ ಚೆನ್ನಾಗಿ ಕಾಣುತ್ತದೆ. ಮಾರ್ಚ್ ಕೊನೆಯಲ್ಲಿ ಹೋದರೆ ಚೆರ್ರಿ ಮರಗಳು ಹೂ ಬಿಟ್ಟಿರುತ್ತವೆ.

ಓದಿ, ಬರೆಯಿರಿ

1. ಕೋಟೆಯ ಗೋಡೆ ಹತ್ತುವುದು ಯಾಕೆ ಕಷ್ಟ? ಗೋಡೆಯ ಚಿತ್ರ ಬರೆದು ತೋರಿಸಿ.

2. ಗೋಡೆಯ ಹಿಂದೆ ಸಣ್ಣ ಕಲ್ಲು ತುಂಬುವುದು ಯಾಕೆ?

3. ಮನೆ ಮೊದಲಾ, ಕೋಟೆ ಮೊದಲಾ? ಗುಂಪಿನಲ್ಲಿ ಮಾತಾಡಿ. ಎರಡೂ ಕಡೆಯ ಮಾತನ್ನು ನಾಲ್ಕು ನಾಲ್ಕು ಸಾಲಿನಲ್ಲಿ ಬರೆಯಿರಿ.

4. ಲೆಕ್ಕ ಮಾಡಿ: 2021ರಲ್ಲಿ ಕೋಟೆಯ ಟಿಕೆಟ್ಟು ದೊಡ್ಡವರಿಗೆ 800 ಯೆನ್, ಶಾಲೆ ಮಕ್ಕಳಿಗೆ 300 ಯೆನ್ ಇತ್ತು. ಗಂಡ, ಹೆಂಡತಿ, ಶಾಲೆಗೆ ಹೋಗುವ ಮೂರು ಮಕ್ಕಳು ಕೋಟೆ ನೋಡಲು ಹೋದರು. ಟಿಕೆಟ್ಟಿಗೆ ಎಷ್ಟು ಯೆನ್ ಆಯಿತು? 2016ರಲ್ಲಿ ಹುಟ್ಟಿದ ಮಗುವಿಗೆ ಕೋಟೆಯ ಕೆಲಸ ಮುಗಿಯುವಾಗ ಎಷ್ಟು ವಯಸ್ಸು?